ಹೆರ್ ಡಾಕ್ಟರ್ ಮನೆಯ ಪಾಯಸ

...ಬೇಡ ಮಾರಾಯ, ಆ ಹಾಲಿನ ಪಾತ್ರೆಗೆ ನಿನ್ನ ಸಾಸೇಜ್ ಹಾಕ್ಬೇಡ ಅಂದೆನಲ್ಲ. ನಗ್ತಾನೆ ನೋಡು! ಇಂಥದ್ದೇ ಒಂದು ಪಾತ್ರೆಯಿಂದ ಈ ಆಖೆನ್ ಊರಿನಲ್ಲಿ ನಮಗಿದ್ದ ಒಂದೇ ಕೋಣೆ ಹೋಗ್ಲಿಕ್ಕಿತ್ತು, ಗೊತ್ತುಂಟಾ? ನಿಮ್ಮ ಅಜ್ಜ ಈ ಜರ್ಮನಿಗೆ ಓದ್ಲಿಕ್ಕೆ ಬಂದದ್ದು, ನಾನು ಉಡುಪಿಯಿಂದ ಅವರ ಹಿಂದೆ ಬಂದದ್ದು. ಬಂದ ಕೂಡಲೇ ಅವರ ಸ್ಕಾಲರ್‌ಶಿಪ್ ನಿಂತಿತು. ಆಗ ಒಬ್ಬರು ಯಹೂದಿ ಮುದುಕರು, ಅಡುಗೆ ಮಾಡಿದ್ರೆ ಮಾಳಿಗೆಯ ಕೋಣೆ ಕೊಡ್ತೇನೆ ಅಂದ್ರು. ನಾನು ಮಾಂಸ ಮುಟ್ಟುವುದಿಲ್ಲ ಅಂದೆ, ಅದಕ್ಕೂ ಒಪ್ಪಿದ್ರು, ಪಾಪ. ಹೆರ್ ಡಾಕ್ಟರ್, ಅಂದ್ರೆ ಡಾಕ್ಟರ್ ಸಾಹೇಬ್ರೇ, ಅಂತಲೇ ಕರೀಬೇಕು, ಇಲ್ಲಾಂದ್ರೆ ತಿರುಗಿಯೂ ನೋಡ್ಲಿಕ್ಕಿಲ್ಲ. ಮದ್ದು ಕೊಡುವ ಡಾಕ್ಟರಲ್ಲ, ದೊಡ್ಡ ಚಿಂತಕರಲ್ವಾ! ಯಹೂದಿಗಳಿಗೆ ಅವರದ್ದೇ ದೇಶ ಬೇಕು, ಎಲ್ಲರೂ ಅಲ್ಲಿಗೆ ಹೋಗ್ಬೇಕು ಅಂತ ತಲೆದಿಂಬಿನಷ್ಟು ದಪ್ಪ ದಪ್ಪ ಪುಸ್ತಕ ಬರೆದವರು. ಎಲ್ಲರೂ ಅಂದ್ರೆ, ಇವರೊಬ್ಬರನ್ನು ಬಿಟ್ಟು ಎಲ್ಲರೂ. "ನೀವ್ಯಾಕೆ ಹೋಗ್ಲಿಲ್ಲ ಹೆರ್ ಡಾಕ್ಟರ್?" ಅಂತ ಕೇಳಿದೆ. "ಅಲ್ಲಿ ಭಾರೀ ಸೆಕೆ." ಸೆಕೆಯಂತೆ! ಉಡುಪಿಯವಳ ಹತ್ರ ಹೇಳುವ ಮಾತಾ ಇದು? ಮತ್ತೆ ದೇವರು? "ದೇವರಿಲ್ಲ. ಜನ ಉಂಟು, ಭಾಷೆ ಉಂಟು, ನೆಲ ಉಂಟು." ದಿನಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಇದೇ ಭಾಷಣ, ಕೇಳ್ಲಿಕ್ಕೆ ನಾನೊಬ್ಬಳು.

ಅವರು ಹುಟ್ಟಿದ ದಿನ ಬಂತು. ಪಾಯಸ ಮಾಡುವಾ ಅಂತ ಹೊರಟೆ. ಮೇಲಿನ ಶೆಲ್ಫಿನಲ್ಲಿ ಒಂದು ತಾಮ್ರದ ಪಾತ್ರೆ, ಅಲ್ಲ ಅಲ್ಲ, ಹಿತ್ತಾಳೆಯದ್ದು, ಬೇರೆಯೇ ಇಟ್ಟದ್ದು, ಬಟ್ಟೆ ಮುಚ್ಚಿದ್ದು, ಯಾರೂ ಮುಟ್ಟುವುದಿಲ್ಲ. ಮಠದ ಊರಿನವಳ ತಲೆಗೆ ಎಂತ ಹೊಳೀತದೆ? ಮಡಿ ಪಾತ್ರೆ! ಹಾಲು ಹೊಯ್ದೆ, ಶ್ಯಾವಿಗೆ ಹಾಕಿದೆ. "ಉಂಡ್ ದಾನ್?" ಅಂತೆ, ಮತ್ತೆಂತಾಯ್ತು ಅಂತ ಜರ್ಮನಿನಲ್ಲಿ ಕೇಳ್ತಾಳೆ ನೋಡು ಇವಳು! ಮತ್ತೆಂತ, ಹೆರ್ ಡಾಕ್ಟರ್ ಬಂದು ನೋಡಿದವರು ಬಿಳಚಿಕೊಂಡ್ರು. "ಅದು ಮಾಂಸದ ಪಾತ್ರೆ! ನಮ್ಮ ಯಹೂದಿಗಳಲ್ಲಿ ಅದಕ್ಕೆ ಹಾಲು ತಾಗಿಸ್ಲಿಕ್ಕಿಲ್ಲ! ನಾಳೆಯೇ ಕೋಣೆ ಖಾಲಿ ಮಾಡಿ!" ಮಾಂಸದ್ದು ಅಂತ ಕೇಳಿ ನಾನು ಸೌಟು ಬಿಟ್ಟು ಓಡಿ ಕೈ ತೊಳೆದೆ. ಹೊರಗೆ ಹಿಮ, ಹೋಗುವುದು ಎಲ್ಲಿಗೆ? ಆದ್ರೂ ಬಾಯಿ ಸುಮ್ಮನಿರ್ಬೇಕಲ್ಲ. "ದೇವರಿಲ್ಲ ಅಂದವರಿಗೆ ಎಂತ ಮೈಲಿಗೆ?" ಅಂದೆ. "ದೇವರಿಲ್ಲ! ಪಾತ್ರೆ ಅಮ್ಮಂದು!" ಅಂತ ಕೂಗಿದವರು ಅಲ್ಲೇ ಸ್ಟೂಲಿನಲ್ಲಿ ಕೂತು ಅತ್ತುಬಿಟ್ರು ಮಕ್ಕಳೇ. ಸಣ್ಣವರಿದ್ದಾಗ, ಯಹೂದಿಗಳನ್ನು ಹಿಡಿದು ಕೊಲ್ತಿದ್ದ ಕಾಲದಲ್ಲಿ, ಈ ದೇಶದಿಂದ ಓಡುವಾಗ ಅವರಮ್ಮ ಒಂದು ಕೈಯಲ್ಲಿ ಇವರನ್ನು, ಇನ್ನೊಂದರಲ್ಲಿ ಆ ಪಾತ್ರೆ ಹಿಡ್ಕೊಂಡು ಹೋದದ್ದಂತೆ. ಉಳಿದ ಮನೆಯವರನ್ನೆಲ್ಲ ಇಲ್ಲಿ ಕೊಂದು ಹಾಕಿದ್ರಂತೆ, ಯುದ್ಧ ಮುಗಿದ ಮೇಲೆ ಇವರು ವಾಪಸ್ ಬಂದದ್ದಂತೆ.

"ನಮ್ಮಲ್ಲಿ ಹೀಗಾದ್ರೆ ಹುಣಸೆಹುಳಿ ಹಾಕಿ ತಿಕ್ಕಿ, ಕುದಿಯುವ ನೀರು ಹೊಯ್ತೇವೆ" ಅಂದೆ ಮೆಲ್ಲಗೆ. ಅವರು ಮೂಗು ಒರೆಸ್ಕೊಂಡ್ರು. "ನಮ್ಮಲ್ಲೂ ಕುದಿಯುವ ನೀರೇ. ಆದ್ರೆ ನಾಳೆಯೆಲ್ಲ ಹಾಗೇ ಬಿಟ್ಟು, ನಾಡಿದ್ದು ಹೊಯ್ಯಿರಿ." ನಾಳೆ ಕೋಣೆ ಖಾಲಿ ಮಾಡುವವಳು ನಾಡಿದ್ದು ನೀರು ಹೊಯ್ಲಿಕ್ಕೆ ಎಲ್ಲಿಂದ ಬರ್ತಾಳೆ? ಅಷ್ಟು ದೊಡ್ಡ ಚಿಂತಕರು ಅದೊಂದನ್ನು ಚಿಂತಿಸ್ಲಿಲ್ಲ, ನಾನೂ ನೆನಪಿಸ್ಲಿಕ್ಕೆ ಹೋಗ್ಲಿಲ್ಲ. ಅವರು ಇರುವಷ್ಟು ದಿನ ಅದೇ ಕೋಣೆ ನಮ್ಮದು. ನಿಮ್ಮಪ್ಪ ಹುಟ್ಟಿದ್ದೂ ಅಲ್ಲೇ. ದೇಶ, ನೆಲ ಅಂತ ಅಷ್ಟೆಲ್ಲ ಬರೆದ ಪುಣ್ಯಾತ್ಮ, ಆ ಪಾತ್ರೆಯ ಬಗ್ಗೆ ಒಂದು ಸಾಲು ಬರೀಲಿಲ್ಲ ನೋಡಿ. ನೀವೂ ದೊಡ್ಡವರಾಗಿ ಎಷ್ಟು ಬೇಕಾದ್ರೂ ಭಾಷಣ ಬಿಗಿಯಿರಿ, ಆದ್ರೆ ಯಾರದ್ದಾದ್ರೂ ಅಮ್ಮನ ಪಾತ್ರೆ ಇಳಿಸುವ ಮೊದಲು ಒಂದು ಮಾತು ಕೇಳಿ. ಹ್ಞಾಂ, ಈಗ ಆ ಸಾಸೇಜ್ ಈಚೆ ತೆಗಿ.