ಹಾಯಿದೋಣಿಗೆ ವಾಹನಪೂಜೆ

ಸರೋವರದ ದಡದ ಲಿಟಲ್ ಎಲ್ಮ್ ಊರಿನ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ವಾಹನಪೂಜೆಯ ಸಾಲು ನಿಂತಿತ್ತು. ತಮ್ಮ ಹೊಸ ಕಾರಿನ ಪಕ್ಕ ನಿಂತಿದ್ದ ವಸಂತಮ್ಮನ ಮುಂದೆ ಇದ್ದದ್ದು ಮಾತ್ರ ಕಾರಲ್ಲ, ಟ್ರೈಲರ್ ಮೇಲೆ ಕೂತ ಹಾಯಿದೋಣಿ. ಅದರೊಳಗೆ ಎರಡು ಎಲೆಕ್ಟ್ರಿಕ್ ಸ್ಕೂಟರ್. ದೋಣಿಯ ಒಡೆಯ ಕೌಸ್ತುಭನಿಗೂ ಹೆಂಡತಿ ಅನಘಾಳಿಗೂ ಮಾತು ನಡೆದಿತ್ತು. ವಸಂತಮ್ಮ ಕಣ್ಣನ್ನು ಕೈಯಲ್ಲಿದ್ದ ನಿಂಬೆಹಣ್ಣಿನ ಮೇಲಿಟ್ಟು ಕಿವಿಯನ್ನು ಮುಂದಕ್ಕೆ ಕಳಿಸಿದರು.

“ಏನ್ರೀ, ದೋಣಿಗೆ ಸ್ಕೂಟರ್ ಯಾಕೆ?”

“ಲೇಕ್ ದಾಟಿ ಇಳಿದ್ಮೇಲೆ ಓಡಾಡೋಕೆ ಬೇಡ್ವಾ?”

“ಆಚೆ ದಡದಲ್ಲಿ ಏನಿದೆ?”

“ನಮ್ಮನೆ.”

“ಮನೆಗೆ ಕಾರಲ್ಲೇ ಹೋಗ್ಬಹುದಲ್ಲ?”

“ಕಾರಲ್ಲಿ ಎಲ್ರೂ ಹೋಗ್ತಾರೆ ಕಣೇ.”

“ಸರಿ, ಲೈಫ್ ಜಾಕೆಟ್ ಎರಡು ತಂದಿದ್ರಲ್ಲ, ಎಲ್ಲಿ?”

“ಸ್ಕೂಟರ್‌ಗಳಿಗೆ ಕಟ್ಟಿದೀನಿ. ನೀರಿಗೆ ಬಿದ್ರೆ ಬ್ಯಾಟರಿ ಹೋಗತ್ತೆ.”

“ನಾನು ಬಿದ್ರೆ?”

“ನೀನು ವಾರವಾರ ಸ್ವಿಮ್ಮಿಂಗ್ ಕ್ಲಾಸಿಗೆ ಹೋಗ್ತೀಯಲ್ಲ.”

“ಅದು ಮಗಳನ್ನ ಬಿಟ್ಟು ಬರೋಕೆ!”

ಅಷ್ಟರಲ್ಲಿ ಅರ್ಚಕರು ಕೈಬೀಸಿ ಕರೆದರು. ಕೌಸ್ತುಭ ದೋಣಿ ಹತ್ತಿ ಸ್ಕೂಟರ್ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡತೊಡಗಿದ. ಅರ್ಚಕರು ಯಾರ ಹೆಸರಿನಲ್ಲಿ ಸಂಕಲ್ಪ ಎಂದು ಕೇಳಿದರು.

ಅರ್ಚಕರ ಬಳಿಗೆ ಹೋದ ಅನಘಾಳ ದನಿ ವಸಂತಮ್ಮನವರೆಗೂ ಕೇಳಿಸಿತು.

“ದೋಣಿ ಆಮೇಲಾಗ್ಲಿ ಸ್ವಾಮಿ. ಮೊದ್ಲು ನನ್ನ ಹೆಸರಲ್ಲಿ ಒಂದು ಆಯುಷ್ಯಹೋಮ ಬರ್ಕೊಳ್ಳಿ.”