ದಾರಿ ತೋರಿಸುವ ಡಬ್ಬಿಗೆ ನಾನು ಮಾಡಿದ ಪೂಜೆ

ಪುರವಣಿ ಹೇಳಿಕೆ

ನನ್ನ ಹೆಸರು ಪಾಪಯ್ಯ ಬಿನ್ ಲೇಟ್ ಮುನಿಶಾಮಪ್ಪ, ವಯಸ್ಸು 46 ವರ್ಷ, ವಿದ್ಯಾಭ್ಯಾಸ ಬಿ.ಎ., ಕನ್ನಡ ಮಾಧ್ಯಮ. ಬೊಮ್ಮಸಂದ್ರದಲ್ಲಿ ಕಾರ್ಖಾನೆಗಳಿಗೆ ಊಟ ಕಳಿಸುವ ಅಡುಗೆಮನೆಯೊಂದರಲ್ಲಿ ಗಾಡಿಗಳ ಸೂಪರ್‌ವೈಸರ್ ಆಗಿರುತ್ತೇನೆ. ವಾಸ ಹೆಬ್ಬಗೋಡಿ, ಆನೇಕಲ್ ತಾಲ್ಲೂಕು. ಈ ದಿನ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿದ್ದು, ದಿನಾಂಕ 03-10-2025ರಂದು ಇಲ್ಲಿಯೇ ನಾನು ಕೊಟ್ಟ ಹೇಳಿಕೆ ಸುಳ್ಳಾಗಿದ್ದರಿಂದ ಅದನ್ನು ಸರಿಪಡಿಸಲು ಈ ಮೂಲಕ ತಿಳಿಸುವುದೇನೆಂದರೆ,

ಸದರಿ ಅಡುಗೆಮನೆಯ ಮಾಲೀಕರು ನಂಜಪ್ಪನವರು. ಆ ಜಾಗ ಅವರ ತಂದೆಯ ಕಾಲದಲ್ಲಿ ರಾಗಿ ಹೊಲವಾಗಿತ್ತು. ಚಾಲಕರನ್ನು ನೋಡಿಕೊಳ್ಳುವುದರ ಜೊತೆಗೆ ಗೋಡೆಗಳ ಮೇಲೆ ಪ್ರಾಸ ಕಟ್ಟಿ ಸೂಚನೆ ಬರೆಯುವುದೂ ನನ್ನ ಕೆಲಸವಾಗಿರುತ್ತದೆ. ಈ ಎರಡನೆಯ ಕೆಲಸವನ್ನು ಯಾರೂ ನನಗೆ ಕೊಟ್ಟದ್ದಲ್ಲ. ‘ಸೌಟು ಹಿಡಿಯುವ ಮುನ್ನ, ಸೋಪು ಹಚ್ಚು ಚಿನ್ನ’ ಎಂಬುದು ನನ್ನದೇ. ಹೇಳಿಕೆಯಲ್ಲಿ ಪ್ರಾಸ ಬೇಡವೆಂದು ಎ.ಎಸ್.ಐ. ಸಾಹೇಬರು ಎಚ್ಚರಿಸಿದ್ದಾರೆ. ಆದರೆ ಒಂದನ್ನು ಹೇಳದೆ ಈ ಪ್ರಕರಣ ಪೂರ್ತಿಯಾಗುವುದಿಲ್ಲವಾದ್ದರಿಂದ ಅದನ್ನು ಮುಂದೆ ತಿಳಿಸುತ್ತೇನೆ.

ಕಳೆದ ಜುಲೈ ತಿಂಗಳಲ್ಲಿ, ಚಾಲಕರು ಮೊಬೈಲಿನಲ್ಲಿ ದಾರಿ ನೋಡುವ ನೆಪದಲ್ಲಿ ರೀಲ್ಸ್ ನೋಡುತ್ತಾರೆಂದು ನಂಜಪ್ಪನವರು ಸಿಟ್ಟಾಗಿ, ದಾರಿ ಬಿಟ್ಟು ಬೇರೇನೂ ತೋರಿಸದಂಥ ಜಿಪಿಎಸ್ ಡಬ್ಬಿಯನ್ನು, ಇರುವುದರಲ್ಲಿ ಅಗ್ಗದ್ದನ್ನು ನೋಡಿ ತರಬೇಕೆಂದು ನನಗೆ ಹೇಳಿದರು. ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಮುತ್ತು ಎಂಬುವರ ಅಂಗಡಿಯಿಂದ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿಯನ್ನು ತಂದೆನು. ಅದರ ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಬಿಸಿಲೇರಿದರೆ ಕಳಚಿ ಬೀಳುತ್ತಿತ್ತು. ಅದು ಇಂಗ್ಲಿಷಿನಲ್ಲಿ ಮಾತಾಡುತ್ತಿತ್ತು. ಜಿಗಣಿಯನ್ನು ಅದು ಕರೆಯುತ್ತಿದ್ದ ರೀತಿ ಜಿಗಣಿಯವರಿಗೆ ಅರ್ಥವಾಗುವಂಥದ್ದಲ್ಲ.

ಮುತ್ತು ಅವರು ಪರದೆಯ ಎಡಗಡೆ ಮೇಲಿನ ಮೂಲೆಯನ್ನು ತೋರಿಸಿ, ‘ಸಾರ್, ಇಲ್ಲಿ ಕಾರ್ ಚಿತ್ರ ಇದ್ರೆ ಗಾಡಿ ದಾರಿ ತೋರ್ಸುತ್ತೆ. ನಡೆಯೋ ಮನುಷ್ಯನ ಚಿತ್ರ ಬಂತು ಅಂದ್ರೆ ಕಾಲುದಾರಿ ತೋರ್ಸುತ್ತೆ. ಇದ್ರ ಟಚ್ ಸ್ವಲ್ಪ ಹುಚ್ಚು, ಒತ್ತಿದ ಕಡೆಯೆಲ್ಲ ಹೂಂ ಅನ್ನುತ್ತೆ. ಆ ಮೂಲೆಗೆ ಮಾತ್ರ ಯಾರೂ ಕೈ ಹಾಕದಂಗೆ ನೋಡ್ಕೊಳಿ’ ಎಂದು ತಿಳಿಸಿದರು. ಅದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಡಬ್ಬಿ ಬಂದ ಮೇಲೂ ಚಾಲಕರು ‘ಇದಕ್ಕಿಂತ ನನಗೇ ದಾರಿ ಗೊತ್ತು’ ಎಂದು ವಾದ ಮಾಡುತ್ತಿದ್ದರು. ಆದ್ದರಿಂದ ನಾನು ‘ಯಂತ್ರ ಹೇಳಿದ್ದೇ ಮಂತ್ರ, ಬೇರೆ ದಾರಿ ಕುತಂತ್ರ’ ಎಂದು ಬರೆಸಿ ಪ್ರತಿ ಗಾಡಿಯ ಡ್ಯಾಶ್‌ಬೋರ್ಡಿಗೆ ಅಂಟಿಸಿದೆನು. ಡಬ್ಬಿ ಇದ್ದದ್ದು ಒಂದೇ, ಅಂಟಿಸಿದ್ದು ನಾಲ್ಕೂ ಗಾಡಿಗಳಿಗೆ.

ಈ ಪ್ರಕರಣದಲ್ಲಿ ಆರೋಪಿ ಎಂದು ತೋರಿಸಿರುವ ಬಸಲಿಂಗ, ವಯಸ್ಸು ಸುಮಾರು 30, ಯಾದಗಿರಿ ಜಿಲ್ಲೆಯವನು, ಸೆಪ್ಟೆಂಬರ್ ಮೂರನೇ ವಾರದಲ್ಲಿ ನಮ್ಮಲ್ಲಿ ಸಣ್ಣ ಗೂಡ್ಸ್ ಗಾಡಿಗೆ ಚಾಲಕನಾಗಿ ಸೇರಿದನು. ಹೆಂಡತಿಯೊಂದಿಗೆ ನಂಜಪ್ಪನವರದೇ ವಠಾರದ ಒಂದು ರೂಮಿನಲ್ಲಿರುತ್ತಾನೆ. ಅವನ ಬಳಿ ಇರುವುದು ಬಟನ್ ಫೋನ್. ಈ ಕಡೆಯ ರಸ್ತೆಗಳು ಅವನಿಗೆ ಹೊಸದಾದ್ದರಿಂದ ಡಬ್ಬಿಯನ್ನು ಅವನ ಗಾಡಿಗೇ ಕೊಟ್ಟಿದ್ದೆವು.

ದಿನಾಂಕ 01-10-2025ರಂದು ಅಡುಗೆಮನೆಯಲ್ಲಿ ಆಯುಧಪೂಜೆ ಇತ್ತು. ಗ್ರೈಂಡರ್, ಬಾಯ್ಲರ್, ತಕ್ಕಡಿ, ಗಾಡಿಗಳು ಎಲ್ಲಕ್ಕೂ ನಾನೇ ಪೂಜೆ ಮಾಡಿದೆನು. ಡಬ್ಬಿಯನ್ನು ಆಫ್ ಮಾಡಲೇ ಎಂದು ಬಸಲಿಂಗ ಕೇಳಿದಾಗ, ಮಲಗಿರುವವರಿಗೆ ಯಾರಾದರೂ ಮಂಗಳಾರತಿ ಮಾಡುತ್ತಾರೆಯೇ ಎಂದು ನಾನು ಹೇಳಿ ಎಲ್ಲರನ್ನೂ ನಗಿಸಿದೆನು. ಆಮೇಲೆ ಆನ್ ಆಗಿದ್ದ ಪರದೆಯ ಮೇಲೆ ಮೂರು ಬೆರಳಿನಿಂದ ಒದ್ದೆ ವಿಭೂತಿಯನ್ನು ಎಡದಿಂದ ಬಲಕ್ಕೆ ಒತ್ತಿ ಎಳೆದೆನು. ಡಬ್ಬಿ ಎರಡು ಸಲ ಕೀಂಯ್ ಎಂದಿತು. ‘ಸರ್, ಅದು ಏನೋ ಅಂತು ನೋಡ್ರೀ’ ಎಂದು ಬಸಲಿಂಗ ಹೇಳಿದನು. ಪೂಜೆ ತಲುಪಿತು ಎಂದು ಒಪ್ಪಿಗೆ ಕೊಟ್ಟಿದೆ ಎಂದೆನು.

ಆಗ ಮೂಲೆಯಲ್ಲಿದ್ದ ಕಾರಿನ ಚಿತ್ರ ಹೋಗಿ ನಡೆಯುವ ಮನುಷ್ಯನ ಚಿತ್ರ ಬಂದಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ. ಸರಿಪಡಿಸಬೇಕೆಂದರೆ ಹಚ್ಚಿದ ವಿಭೂತಿಯನ್ನು ಒರೆಸಬೇಕಿತ್ತು. ಅಷ್ಟು ಜನರ ಮುಂದೆ, ಪೂಜೆಯ ಹೊತ್ತಿನಲ್ಲಿ ಒರೆಸುವುದು ಸರಿಕಾಣದೆ, ನಾಡಿದ್ದು ನೋಡಿದರಾಯಿತು ಎಂದುಕೊಂಡೆನು. ಕುಂಕುಮ ಇಡುವಾಗ ನಡುವೆ ಇಟ್ಟರೆ ನಕ್ಷೆ ಮುಚ್ಚುತ್ತದೆಂದು ಮೂಲೆಯಲ್ಲಿ ಇಟ್ಟೆನು. ಅಂದರೆ ಆ ಮನುಷ್ಯನ ಚಿತ್ರದ ಮೇಲೆಯೇ, ಒತ್ತದೆ ಇಟ್ಟೆನು; ಈ ಸಲ ಡಬ್ಬಿ ಕೀಂಯ್ ಎನ್ನಲಿಲ್ಲ. ಹಚ್ಚಿದ್ದನ್ನು ಯಾರೂ ಒರೆಸಕೂಡದು, ತಾನಾಗಿ ಉದುರಬೇಕು ಎಂದು ಬಸಲಿಂಗನಿಗೆ ತಾಕೀತು ಮಾಡಿದೆನು. ಆಮೇಲೆ ಎಲ್ಲರಿಗೂ ಕಡ್ಲೆಪುರಿ ಹಂಚಿದೆವು.

ಮರುದಿನ ರಜೆ. ದಿನಾಂಕ 03-10-2025ರಂದು ಜಿಗಣಿಯ ಒಂದು ಹೊಸ ಕಾರ್ಖಾನೆಗೆ ಮೊದಲನೇ ದಿನದ ಊಟ ಕಳಿಸಬೇಕಾಗಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಊಟ ಅಲ್ಲಿರಬೇಕೆಂದು ಮಾತಾಗಿತ್ತು. ನಾನೇ ಡಬ್ಬಿಯಲ್ಲಿ ವಿಳಾಸ ಹಾಕಿಕೊಟ್ಟೆನು. ಐದು ಕಿಲೋಮೀಟರಿಗೆ ಒಂದು ಗಂಟೆ ತೋರಿಸಿತು. ‘ಸರ್, ಇಷ್ಟಕ್ಕ ಒಂದು ತಾಸು ಹ್ಯಾಂಗ್ರೀ?’ ಎಂದು ಬಸಲಿಂಗ ಕೇಳಿದನು. ‘ಜಿಗಣಿ ರೋಡ್ ನೀನು ಇನ್ನೂ ನೋಡಿಲ್ಲ ಮಗಾ, ಟ್ರಾಫಿಕ್ ಸೇರಿಸಿ ಹೇಳ್ತಿದೆ’ ಎಂದೆನು. ಆ ಡಬ್ಬಿಗೆ ಟ್ರಾಫಿಕ್ ತಿಳಿಯುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಪೂಜೆಯ ದಿನದ ಚಿತ್ರ ಆ ಕ್ಷಣ ನೆನಪಿಗೆ ಬಂತೇ ಎಂದು ಎ.ಎಸ್.ಐ. ಸಾಹೇಬರು ಕೇಳಿರುತ್ತಾರೆ. ಬಂತು. ಗಾಡಿಗೆ ಅನ್ನ ಸಾಂಬಾರು ತುಂಬಿ ಆಗಿತ್ತು, ನಂಜಪ್ಪನವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು, ನಾನು ಸುಮ್ಮನಾದೆನು.

ಹನ್ನೆರಡು ಗಂಟೆಯ ಸುಮಾರಿಗೆ ಬಸಲಿಂಗ ನನಗೆ ಫೋನ್ ಮಾಡಿದನು. ‘ಸರ್, ಇದು ರಾಜಕಾಲುವೆ ಬಾಜೂಕ ಬಂದದ ರೀ. ದಾರಿ ಭಾಳ ಸಣ್ಣದು ಅದ. ಒಂದು ಕಡೆ ಕಾಂಪೌಂಡ್ ಗೋಡೆ, ಕೆಳಗ ಚಪ್ಪಡಿ ಹಾಸ್ಯಾರ. ಸೊಪ್ಪಿನ ಅಮ್ಮ ಒಬ್ಬಾಕಿ ಕುಂತಾಳ. ಹಿಂದಕ್ಕ ಹೋಗ್ತೀನ್ರೀ’ ಎಂದನು. ಡಬ್ಬಿ ಏನು ಹೇಳುತ್ತಿದೆ ಎಂದು ನಾನು ಕೇಳಿದೆನು. ಮುಂದಕ್ಕೆ ಹೋಗು ಅನ್ನುತ್ತಿದೆ ಎಂದನು. ಡ್ಯಾಶ್‌ಬೋರ್ಡಿನ ಮೇಲೆ ಏನು ಬರೆದಿದೆ ಓದು ಎಂದೆನು. ಅವನು ಓದಲಿಲ್ಲ. ನಾನೇ ಜೋರಾಗಿ ಹೇಳಿದೆನು, ಮೇಲೆ ಹೇಳಿರುವ ಅದೇ ಎರಡು ಸಾಲು. ಮೊದಲನೇ ದಿನವೇ ಊಟ ತಡವಾದರೆ ನಾಳೆಯಿಂದ ನೀನು ಯಾದಗಿರಿಯಲ್ಲೇ ಗಾಡಿ ಓಡಿಸು ಎಂದೂ ಹೇಳಿದೆನು.

ಸ್ವಲ್ಪ ಹೊತ್ತಿಗೆ ಹಿಂದಿನ ಎಡಗಾಲಿಯ ಕೆಳಗೆ ಚಪ್ಪಡಿ ಮುರಿದು ಗಾಡಿ ವಾಲಿದೆ. ಸಾಂಬಾರಿನ ಡ್ರಮ್ಮು ಉರುಳಿ ಮುಚ್ಚಳ ಹಾರಿ, ಸೊಪ್ಪಿನ ಕಟ್ಟುಗಳನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದ ವಸಂತಮ್ಮ, ವಯಸ್ಸು ಸುಮಾರು 60, ಎಂಬುವರ ಎರಡೂ ಕಾಲುಗಳು ಮೊಣಕಾಲಿನಿಂದ ಕೆಳಗೆ ಸುಟ್ಟಿವೆ. ನಾನು ಬೈಕಿನಲ್ಲಿ ಹೋಗುವಷ್ಟರಲ್ಲಿ ಬಸಲಿಂಗ ಸೊಪ್ಪಿಗೆ ಚಿಮುಕಿಸಲು ಇಟ್ಟಿದ್ದ ಬಕೆಟ್ ನೀರನ್ನು ಅವರ ಕಾಲಿಗೆ ಹುಯ್ಯುತ್ತಿದ್ದನು. ಡಬ್ಬಿ ಇನ್ನೂ ಮುಂದಕ್ಕೆ ಹೋಗು ಎನ್ನುತ್ತಿತ್ತು. ನಾನು ಮೊದಲು ಮಾಡಿದ ಕೆಲಸವೇನೆಂದರೆ ಅದನ್ನು ಕಿತ್ತು ಕರ್ಚೀಫಿನಿಂದ ಒರೆಸಿ ನನ್ನ ಜೇಬಿಗೆ ಹಾಕಿಕೊಂಡದ್ದು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಎರಡನೆಯದು.

ಅಂದು ಸಂಜೆ ಇದೇ ಠಾಣೆಯಲ್ಲಿ, ಚಾಲಕ ಹತ್ತಿರದ ದಾರಿ ಎಂದು ತನ್ನ ಇಷ್ಟದಂತೆ ಹೋದನು, ನನಗೆ ತಿಳಿಸಿರಲಿಲ್ಲ ಎಂದು ನಾನು ಹೇಳಿಕೆ ಕೊಟ್ಟೆನು. ಬಸಲಿಂಗ ನನ್ನ ಪಕ್ಕದಲ್ಲೇ ನಿಂತಿದ್ದು ಹೌದು ಎಂದನು. ಹಾಗೆ ಹೇಳು ಎಂದು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೇ ಬರಲಿಲ್ಲ. ಅವನ ಲೈಸೆನ್ಸನ್ನು ಪೊಲೀಸರು ವಶಕ್ಕೆ ಪಡೆದರು. ಬೇರೆ ಕೆಲಸ ಅವನಿಗೆ ಬರುವುದಿಲ್ಲ. ರೂಮು ಖಾಲಿ ಮಾಡಬೇಕೆಂದು ನಂಜಪ್ಪನವರು ಮಾರನೇ ದಿನವೇ ಅವನ ಹೆಂಡತಿಗೆ ಹೇಳಿದರು.

ದಿನಾಂಕ 05-10-2025ರಂದು ನಾನು ಆಸ್ಪತ್ರೆಗೆ ಹೋಗಿ ವಸಂತಮ್ಮನವರನ್ನು ನೋಡಿದೆನು. ಅಡುಗೆಮನೆಯ ಕಡೆಯವನು ಎಂದಷ್ಟೇ ಹೇಳಿಕೊಂಡೆನು. ಅವರು ತಿಳಿಸಿದ್ದೇನೆಂದರೆ, ‘ಆ ಉಡುಗಂದು ಏನೂ ತಪ್ಪಿಲ್ಲ ಕಣಣ್ಣ. ಗಾಡಿ ನಿಲ್ಸಿ, ವಾಪಸ್ ಓಯ್ತೀನಿ ಅಂತ್ಲೇ ಅಂದ. ಫೋನ್ನಾಗೆ ಅದ್ಯಾವನೋ ಪದ ಯೋಳ್ತಿದ್ದ, ಗೋಡೆತಾವ ಇದ್ದ ನಂಗೂ ಕೇಳುಸ್ತು. ಇಂಗ್ ಮನೇಲಿ ಕುಂತ್ಕಂಡು ಪದ ಯೋಳೋನ ಕಾಲ್ ಮೇಲೆ ಉಯ್ಬೇಕಿತ್ತು ಆ ಸಾರ್ನ’ ಎಂದರು. ನಾನು ಚೀಲದಿಂದ ಬಾಳೆಹಣ್ಣು ತೆಗೆದೆನು. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಏನಾದರೂ ಮಾತಾಡು ಎಂದರು. ಮಾತಾಡಿದರೆ ಗುರುತು ಸಿಕ್ಕುತ್ತದೆಂದು ನಾನು ಬಾಳೆಹಣ್ಣು ಇಟ್ಟು ಎದ್ದು ಬಂದೆನು.

ಈ ದಿನ ಬೆಳಿಗ್ಗೆ ನಾನು ಠಾಣೆಗೆ ಬಂದಾಗ ಬಸಲಿಂಗ ಹೊರಗಿನ ಬೆಂಚಿನ ಮೇಲೆ ಕೂತಿದ್ದನು. ನನ್ನನ್ನು ಕಂಡು ಎದ್ದು ಜಾಗ ಬಿಟ್ಟುಕೊಟ್ಟು, ‘ನೀವ್ಯಾಕ ಬಂದ್ರಿ ಸರ್, ನಾ ಎಲ್ಲಾ ನನ್ನ ಮ್ಯಾಲೆ ಹಾಕ್ಕೊಂಡೀನಲ್ರೀ’ ಎಂದನು. ನಾನು ಆ ಜಾಗದಲ್ಲಿ ಕೂತೆನು.

ಆದ್ದರಿಂದ, ಅವನು ಆ ದಾರಿಯಲ್ಲಿ ಹೋದದ್ದು ನನ್ನ ಮಾತಿನಿಂದ, ಡಬ್ಬಿ ಆ ದಾರಿಯನ್ನು ತೋರಿಸಿದ್ದು ನನ್ನ ಕೈಯಿಂದ. ಡಬ್ಬಿಯನ್ನು ಈ ದಿನ ಹಾಜರುಪಡಿಸಿರುತ್ತೇನೆ. ಬಸಲಿಂಗನ ಲೈಸೆನ್ಸ್ ವಿಚಾರದಲ್ಲಿ ಇದನ್ನು ಪರಿಗಣಿಸಬೇಕಾಗಿ ಕೋರುತ್ತೇನೆ. ಸಹಿ ಮಾಡುವ ಮೊದಲು ಈ ಹೇಳಿಕೆಯನ್ನು ಅವನ ಎದುರಿನಲ್ಲೇ ಓದಬೇಕೆಂದು ನಾನು ಕೇಳಿಕೊಂಡ ಮೇರೆಗೆ ಅವನನ್ನು ಒಳಗೆ ಕರೆಸಿ ಓದಿ ಹೇಳಲಾಯಿತು.

ಓದಿದ್ದನ್ನು ಕೇಳಿ ಬಸಲಿಂಗನು, ತಾನು ಫೋನ್ ಮಾಡಿದ್ದು ಒಂದು ಸಲ ಅಲ್ಲ, ಎರಡು ಸಲ ಎಂದು ಮೆಲ್ಲಗೆ ತಿಳಿಸಿದನು. ಅವನು ಎರಡನೆಯ ಸಲ ಮಾಡಿದಾಗ ಚಪ್ಪಡಿ ಅಲ್ಲಾಡುತ್ತಿತ್ತೆಂದೂ, ಪಾಪಯ್ಯನಾದ ನಾನು ಫೋನ್ ಎತ್ತದೆ ಕಟ್ ಮಾಡಿದೆನೆಂದೂ ಹೇಳಿದನು. ಅದನ್ನು ನಾನು ಹೇಳಿರಲಿಲ್ಲ. ಅದೂ ನಿಜ. ನನ್ನ ಒಪ್ಪಿಗೆಯಿಂದಲೇ ಅದನ್ನು ಇಲ್ಲಿ ಸೇರಿಸಲಾಗಿದೆ. ಇನ್ನು ಇದರಲ್ಲಿ ನಾನು ಬಿಟ್ಟದ್ದು ಏನೂ ಇಲ್ಲ ಎಂದು ಇಬ್ಬರೂ ಒಪ್ಪಿದ ಮೇಲೆ ಸಹಿ ಮಾಡಿರುತ್ತೇನೆ.

ಸ್ಥಳ: ಜಿಗಣಿ
ದಿನಾಂಕ: 06-10-2025

ಸಹಿ/-
ಪಾಪಯ್ಯ