ತೆರೆದೇ ಉಳಿದ ಒಡಕು

ಬೈತಕೋಲದ ಹಿರಿಯರಿಗೆ, ಅಂಕೋಲೆಯಿಂದ ಬಂದ ಬಂಧುಗಳಿಗೆ, ಮುಂದೆ ಕೂತಿರುವ ಬಾಬುದಾದಾನ ಹೆಂಡತಿ ನಾಗಿ ವೈನಿಗೆ, ತನ್ನದೇ ದೋಣಿ ನಡೆಸುವ ಅವರ ಮಗ ರೂಪೇಶನಿಗೆ ನಮಸ್ಕಾರ. ನಾನು ದೇವಾನಂದ, ಬಾಬುದಾದಾನ ದೋಣಿಯಲ್ಲಿ ಬಲೆ ಎಳೆದವ. ಭಾಷಣ ನನಗೆ ಬರುವುದಿಲ್ಲ. ಆದರೆ ಇವತ್ತು ಹೇಳದೆ ಇರಲೂ ಆಗುವುದಿಲ್ಲ.

ನಮ್ಮಲ್ಲಿ ಒಂದು ಪದ್ಧತಿ — ದೋಣಿ ಒಡೆದರೆ ಹೊತ್ತು ಮುಳುಗುವ ಮೊದಲು ಒಡಕು ಮುಚ್ಚಬೇಕು. ತೆರೆದ ಒಡಕನ್ನು ಕಡಲು ನೋಡಬಾರದು. ಹೋದ ವರ್ಷ ದೋಣಿ ಬಂಡೆಗೆ ತಾಗಿದಾಗ ದಾದಾ ಹಾಗೇ ಮಾಡಿದ. ಹಲಗೆ ಬಡಿದ, ಕುಂಕುಮ ಹಚ್ಚಿದ. ವಿಮೆಯ ಕ್ರಮ ನಿಮಗೆ ಗೊತ್ತು — ರಿಪೇರಿ ಖರ್ಚು ಮೊದಲು ನಮ್ಮ ಕೈಯದು, ಬಿಲ್ಲು ಕೊಟ್ಟ ಮೇಲೆ ಕಂಪನಿ ತುಂಬಿಕೊಡುತ್ತದೆ. ಆದರೆ ನಷ್ಟವನ್ನು ಅವರ ಸರ್ವೆಯರ್ ನೋಡಿರಬೇಕು. ಹುಬ್ಬಳ್ಳಿಯಿಂದ ಬಂದ ಸಾಹೇಬರು ದೋಣಿಯ ಸುತ್ತ ನಡೆದು, "ಒಡಕು ಎಲ್ಲಿದೆ?" ಎಂದರು. ಅರ್ಜಿ ಅಲ್ಲಿಗೇ ಮುಗಿಯಿತು.

ಈ ಸಲ ಚೌತಿ ಕಳೆದ ಮೇಲೆ ಮತ್ತೆ ಒಡೆಯಿತು — ಇಷ್ಟೇ, ಈ ನನ್ನ ಅಂಗೈಯಷ್ಟು. ನಾನು ಡಾಂಬರು ಕಾಯಿಸಿದೆ. ದಾದಾ ಕೈ ಹಿಡಿದ. "ಮುಟ್ಟಬೇಡ್ವೋ. ಸಾಹೇಬ್ರು ನೋಡ್ಲಿ, ಆಮೇಲೆ ಮುಚ್ಚುವಾ." ಸಾಹೇಬರು ಬರಲಿಲ್ಲ. ಬಂಗಡೆ ಮೀನಿನ ಹಂಗಾಮು ಬಂತು. ನಾನು ಅಂಕೋಲೆಗೆ ತಂಗಿಯ ಮನೆಗೆ ಹೋದ ದಿನ ದಾದಾ ಒಡಕಿಗೆ ಒಳಗಿಂದ ಗೋಣಿ ತುರುಕಿ ಒಬ್ಬನೇ ಹೊರಟ. "ದೂರ ಹೋಗೂದಿಲ್ಲ" ಎಂದು ವೈನಿಗೆ ಹೇಳಿದನಂತೆ.

ಗೋಣಿ ಮೊದಲು ದಂಡೆಗೆ ಬಂತು. ದಾದಾ ಆಮೇಲೆ.

ನಿನ್ನೆ ವಿಮೆ ಕಚೇರಿಗೆ ಹೋಗಿ ಕೇಳಿದೆ. ಅವರು ಹೇಳಿದ್ದು ಇದು — ಕೂಡಲೇ ನಮಗೆ ಸುದ್ದಿ ಕೊಡಿ, ಸ್ಟುಡಿಯೋದವರನ್ನು ಕರೆದು ಫೋಟೋ ತೆಗೆಸಿ, ನೀರು ನುಗ್ಗದಂತೆ ಮುಚ್ಚಿ. ಒಡೆದ ಹಲಗೆ ಎಸೆಯಬೇಡಿ, ಮುಚ್ಚಿದ ಖರ್ಚಿನ ಬಿಲ್ಲನ್ನೂ ಕೊಡಿ. ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳುವುದು ಪಾಲಿಸಿ ಮಾಡಿಸಿದವನದೇ ಜವಾಬ್ದಾರಿ. ಅಂದರೆ ಮುಚ್ಚಬಹುದಿತ್ತು. ಕೇಳಿದಿರಾ — ಮುಚ್ಚಬಹುದಿತ್ತು. ನನಗೆ ಸಿಟ್ಟು ಬರುತ್ತಿದೆ, ಯಾರ ಮೇಲೆ ಅಂತಲೇ ತಿಳಿಯುತ್ತಿಲ್ಲ.

ಇಲ್ಲಿಗೆ ಬರುವಾಗ ದಂಡೆಯಲ್ಲಿ ನಿಂತು ನೋಡಿದೆ. ಇನ್ನೂ ಎರಡು ದೋಣಿಗಳು ಒಡಕು ತೆರೆದುಕೊಂಡು ಸಾಹೇಬರ ದಾರಿ ಕಾಯುತ್ತಿವೆ. ಒಂದಕ್ಕೆ ಆಗಲೇ ಗೋಣಿ ತುರುಕಿದ್ದಾರೆ, ಕಡಲಿಗೆ ಹೊರಡಲು ಐಸೂ ತುಂಬಿದ್ದಾರೆ. ಅದು — ರೂಪೇಶ, ತಲೆ ತಗ್ಗಿಸಬೇಡ — ಅದು ನಿನ್ನದು. ಸೂತಕ ಕಳೆದು ಇನ್ನೂ ಎಷ್ಟು ಹೊತ್ತಾಯಿತು ಮಗಾ?

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಬಾಬುದಾದಾನಿಗಾಗಿ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲೋಣ. ಮೌನ ಮುಗಿದ ಮೇಲೆ ಯಾರೂ ಮನೆಗೆ ಹೋಗಬೇಡಿ. ಫೋಟೋದವನು ದಂಡೆಯಲ್ಲಿ ಕಾಯುತ್ತಿದ್ದಾನೆ, ಡಾಂಬರು ಒಲೆಯ ಮೇಲಿದೆ. ಹೊತ್ತು ಮುಳುಗಲು ಬಂತು.